ಮರಳುಗಾಡಿನ ಟೆಂಟಿಗೆ ಬಕೆಟ್ ಕೂಲರ್: ಗಾಳಿ ಹೊರಗಿನಿಂದಲೇ ಬರಲಿ

ಮರಳುಗಾಡಿನಲ್ಲಿ ಕ್ಯಾಂಪ್ ಹಾಕುವವರು 20 ಲೀಟರಿನ ಮುಚ್ಚಳವಿರುವ ಬಕೆಟ್‌ನಲ್ಲಿ ಕೂಲರ್ ಮಾಡಿಕೊಳ್ಳಬಹುದು. ಬಕೆಟ್‌ನ ಮೇಲಿನ ಅರ್ಧಕ್ಕೆ ಸುತ್ತಲೂ ತೂತು ಕೊರೆಯಿರಿ. ಒಳಗೋಡೆಗೆ ಕೂಲರ್ ಪ್ಯಾಡ್ (ನೀರು ಹೀರಿಕೊಂಡು ಗಾಳಿ ಹಾಯಲು ಬಿಡುವ ದಪ್ಪ ಹಾಸು) ಸುತ್ತಿ. ತಳದ ನೀರಿನಲ್ಲಿ 12 ವೋಲ್ಟಿನ ಚಿಕ್ಕ ಪಂಪ್ ಇಟ್ಟು, ಅದಕ್ಕೆ ಜೋಡಿಸಿದ ಸಣ್ಣ ತೂತುಗಳಿರುವ ಪೈಪನ್ನು ಪ್ಯಾಡಿನ ಮೇಲಂಚಿಗೆ ಬಳೆಯ ಹಾಗೆ ಕೂರಿಸಿ. ಮುಚ್ಚಳದಲ್ಲಿ ಫ್ಯಾನ್, ಅಲ್ಲಿಂದ ಟೆಂಟಿಗೆ ಗಾಳಿಯ ಪೈಪ್. ಇಷ್ಟೇ.

ಜಾಸ್ತಿ ಜನ ಎಡವುವುದು ಒಂದೇ ಕಡೆ. ಬಕೆಟನ್ನು ಟೆಂಟಿನ ಒಳಗೇ ಇಡುತ್ತಾರೆ. ಹಾಗೆ ಮಾಡಿದರೆ ಒದ್ದೆ ಗಾಳಿಯೇ ಸುತ್ತಿ ಸುತ್ತಿ ಬರುತ್ತದೆ, ಸ್ವಲ್ಪ ಹೊತ್ತಿಗೆ ಮೈಯೆಲ್ಲ ಜಿಗಟು. ನೀರು ಆವಿಯಾದರೆ ತಾನೇ ತಂಪು? ಅದಕ್ಕೆ ಒಣ ಗಾಳಿ ಬೇಕು. ಬಕೆಟ್ ಹೊರಗೆ ನೆರಳಿನಲ್ಲಿರಲಿ. ಟೆಂಟಿನ ಎದುರು ಬದಿಯಲ್ಲಿ ಗಾಳಿ ಹೊರಹೋಗಲು ಕಿಂಡಿ ಬಿಡಲೇಬೇಕು. ಪ್ಯಾಡಿನಲ್ಲಿ ಒಣಗಿದ ಪಟ್ಟಿ ಕಂಡರೆ ನೀರಿನ ಪೈಪಿನ ತೂತು ಕಟ್ಟಿದೆ ಎಂದರ್ಥ, ಸೂಜಿಯಿಂದ ಬಿಡಿಸಿ.

ಕರೆಂಟಿನ ಲೆಕ್ಕ ಸುಲಭ. ಫ್ಯಾನ್ 18 ವ್ಯಾಟ್, ಪಂಪ್ 5 ವ್ಯಾಟ್ ಅಂದುಕೊಳ್ಳಿ. 8 ಗಂಟೆಗೆ 184 ವ್ಯಾಟ್-ಅವರ್. ಲೆಡ್-ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡಿದರೆ ಬೇಗ ಹಾಳಾಗುತ್ತದೆ. ಹಾಗಾಗಿ 12 ವೋಲ್ಟ್, 35 ಆಂಪಿಯರ್-ಅವರ್ ಬ್ಯಾಟರಿ ಸಾಕು (12 × 35 = 420 ವ್ಯಾಟ್-ಅವರ್, ಅದರ ಅರ್ಧ 210). ಒಳ್ಳೆ ಬಿಸಿಲಿಗೆ 100 ವ್ಯಾಟ್ ಸೋಲಾರ್ ಪ್ಯಾನೆಲ್ ಅದನ್ನು ಒಂದೇ ದಿನದಲ್ಲಿ ತುಂಬಿಸುತ್ತದೆ. ಪ್ಯಾನೆಲ್ ಮತ್ತು ಬ್ಯಾಟರಿಯ ನಡುವೆ ಚಾರ್ಜ್ ಕಂಟ್ರೋಲರ್ (ಬ್ಯಾಟರಿ ಅತಿಯಾಗಿ ಚಾರ್ಜ್ ಆಗದಂತೆ ತಡೆಯುವ ಸಾಧನ) ಇರಲಿ. ಬ್ಯಾಟರಿಯ ಪ್ಲಸ್ ತಂತಿಗೆ, ಬ್ಯಾಟರಿಗೆ ಹತ್ತಿರದಲ್ಲೇ ಫ್ಯೂಸ್ ಹಾಕಿ. ಇದನ್ನು ದಯವಿಟ್ಟು ಬಿಡಬೇಡಿ, ಬಟ್ಟೆಯ ಟೆಂಟಿನಲ್ಲಿ ಒಂದು ಕಿಡಿ ಸಾಕು.

ಕುಡಿಯುವ ನೀರನ್ನು ಮೊದಲೇ ಬೇರೆ ಎತ್ತಿಡಿ. ಉಳಿದದ್ದು ಮಾತ್ರ ಕೂಲರಿಗೆ.