ಫೋರ್ ವೀಲ್ ಹಾಕಿದ್ರೂ ಮೀಟರಲ್ಲಿ ಲೈಟ್ ಬರ್ತಿಲ್ವಾ? ಸ್ವಿಚ್ ತರೋಕೆ ಮೊದಲು ಇಷ್ಟು ನೋಡಿ

ಮಳೆ ಹಿಡೀತಿದ್ದಂಗೆ ತೀರ್ಥಹಳ್ಳಿ, ಹೊಸನಗರ ಕಡೆ ಗ್ಯಾರೇಜುಗಳಿಗೆ ಈ ಕಂಪ್ಲೇಂಟ್ ಬರೋಕೆ ಶುರು. ಬೇಸಿಗೆ ಪೂರ್ತಿ ಫೋರ್ ವೀಲ್ ಹಾಕೋ, ಅಂದ್ರೆ ನಾಲ್ಕೂ ಚಕ್ರ ಎಳೆಯೋ ಹಂಗೆ ಮಾಡೋ ಆ ಚಿಕ್ಕ ಲಿವರ್ ಯಾರೂ ಮುಟ್ಟಿರಲ್ಲ, ತೋಟದ ದಾರಿ ಕೆಸರಾಗಿ ಹಿಂದಿನ ಚಕ್ರ ತಿರುಗಿದಲ್ಲೇ ತಿರುಗೋಕೆ ಶುರುವಾದಾಗ್ಲೇ ನೆನಪಾಗೋದು, ಲಿವರ್ ಎಳೆದ್ರೆ ಲೈಟ್ ಹತ್ತಲ್ಲ. ಆಮೇಲೆ ನಡೆಯೋದೂ ಹೆಚ್ಚುಕಮ್ಮಿ ಒಂದೇ ಥರ. ಒಬ್ರು ಹೊಸ ಸ್ವಿಚ್ ತಂದು ಹಾಕ್ತಾರೆ, ಲೈಟ್ ಬರಲ್ಲ, ಇನ್ನೊಬ್ರು ಮೀಟರ್ ಬೋರ್ಡ್ ಬಿಚ್ಚೋಕೆ ಹೋಗಿ ಕ್ಲಿಪ್ ಮುರೀತಾರೆ, ಕೊನೆಗೆ ಡ್ಯಾಶ್‌ಬೋರ್ಡಿಗೆ ತೂತು ಕೊರೆದು ಒಂದು ಬಟನ್ ಕೂರಿಸಿ ಕೈಯಲ್ಲೇ ಲೈಟ್ ಹತ್ತಿಸ್ಕೊಳ್ಳೋ ಹಂಗೆ ಮಾಡಿ ಕಳಿಸ್ತಾರೆ. ಎಂಥಕ್ಕೆ ಮಾರಾಯ್ರೆ ಆ ಲೈಟು? ನಾವೇ ಹತ್ತಿಸೋದಾದ್ರೆ ಅದು ನಮಗೆ ಹೇಳೋದೇನು?

ನಾನಿಲ್ಲಿ ಹೇಳ್ತಿರೋದು ಕೈ ಲಿವರ್ ಇರೋ ಹಳೇ ಪಿಕಪ್, ಕ್ಯಾಂಪರ್, ಜೀಪುಗಳ ಬಗ್ಗೆ. ತಿರುಗಿಸೋ ನಾಬ್ ಇರೋ ಎಲೆಕ್ಟ್ರಿಕ್ ಶಿಫ್ಟ್ ಗಾಡಿ ಆದ್ರೆ ಅದರಲ್ಲಿ ಮೋಟರ್ರು, ಕಂಟ್ರೋಲ್ ಯೂನಿಟ್ಟು ಎಲ್ಲ ಇರುತ್ತೆ, ಲೈಟ್ ಮಿಣಮಿಣ ಅಂದ್ರೆ ಸ್ಕ್ಯಾನರ್ ಇರೋರ ಹತ್ರ ಹೋಗಿ, ಅಂದಾಜಲ್ಲಿ ವಯರ್ ಕತ್ತರಿಸ್ಬೇಡಿ.

ಲಿವರ್ ಗಾಡೀಲಿ ವ್ಯವಸ್ಥೆ ಸರಳ. ಗೇರ್ ಬಾಕ್ಸ್ ಹಿಂದೆ ಇರೋ, ಎಳೆತವನ್ನ ಮುಂದಿನ ಚಕ್ರಕ್ಕೂ ಹಂಚೋ ಟ್ರಾನ್ಸ್‌ಫರ್ ಕೇಸಿಗೆ ಒಂದು ಸ್ವಿಚ್ ತಿರುಚಿ ಕೂರಿಸಿರ್ತಾರೆ, ಅದರ ತುದೀಲಿ ಒತ್ತಿದ್ರೆ ಒಳಗೆ ಹೋಗೋ ಸಣ್ಣ ಪಿನ್. ನೀವು ಫೋರ್ ವೀಲ್ ಹಾಕಿದಾಗ ಒಳಗಿನ ಶಿಫ್ಟ್ ರಾಡ್ ಜರುಗಿ ಆ ಪಿನ್ ಒತ್ತುತ್ತೆ, ಬಲ್ಬಿಗೆ ಅರ್ಥ್ ಸಿಗುತ್ತೆ, ಲೈಟ್ ಬರುತ್ತೆ. ಅಂದ್ರೆ ಆ ಲೈಟಿಗೆ ಗೊತ್ತಿರೋದು ರಾಡ್ ಜರುಗಿದ್ದು ಮಾತ್ರ. ಮುಂದಿನ ಚಕ್ರದಲ್ಲಿ ಚಕ್ರವನ್ನ ಆಕ್ಸಲಿಗೆ ಜೋಡಿಸೋ, ಕೈಯಲ್ಲಿ ತಿರುಗಿಸೋ ಹಬ್ ಲಾಕ್ ಇದ್ದು ಅದನ್ನ ಫ್ರೀ ಬಿಟ್ಟಿದ್ರೆ ಲೈಟ್ ಚೆನ್ನಾಗೇ ಉರೀತಿರುತ್ತೆ, ಮುಂದಿನ ಚಕ್ರ ಮಾತ್ರ ಎಳೆಯಲ್ಲ. ಕೊಡಚಾದ್ರಿ ದಾರಿಯಂಥ ಕಡೆ ಲೈಟ್ ನಂಬ್ಕೊಂಡು ಏರು ಹತ್ತಿಸೋಕೆ ಹೋದ್ರೆ ಕಷ್ಟ. ಕೆಲವು ಮಾಡೆಲ್ಲಲ್ಲಿ ಇನ್ನೊಂದು ಸ್ವಿಚ್ ಮುಂದಿನ ಆಕ್ಸಲ್ ಮೇಲೂ ಇರುತ್ತೆ, ಅಂಥದ್ರಲ್ಲಿ ಆಕ್ಸಲನ್ನ ಜೋಡಿಸೋ ವ್ಯಾಕ್ಯೂಮ್ ಪೈಪ್ ಬಿರುಕು ಬಿಟ್ಟಿದ್ರೂ ಲೈಟ್ ಕೈಕೊಡುತ್ತೆ.

ಹಾಗಾಗಿ ಮೊದಲ ಕೆಲಸ, ಫೋರ್ ವೀಲ್ ನಿಜವಾಗ್ಲೂ ಬೀಳ್ತಿದ್ಯಾ ನೋಡೋದು. ಸಮ ಜಾಗದಲ್ಲಿ ನಿಲ್ಲಿಸಿ ಎಂಜಿನ್ ಆಫ್ ಮಾಡಿ, ಹ್ಯಾಂಡ್ ಬ್ರೇಕ್ ಎಳೆದು ಹಿಂದಿನ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಡಿ. ಕಲ್ಲು ಯಾಕೆ ಅಂದ್ರೆ ಚಿಕ್ಕ ಲಿವರ್ ನಡುವೆ ನ್ಯೂಟ್ರಲ್ಲಲ್ಲಿ ನಿಂತುಬಿಟ್ರೆ ದೊಡ್ಡ ಗೇರ್ ಹಾಕಿದ್ರೂ ಗಾಡಿ ಉರುಳುತ್ತೆ, ಇದು ಸುಮಾರು ಜನಕ್ಕೆ ಗೊತ್ತೇ ಇಲ್ಲ. ಹಬ್ ಲಾಕ್ ಇದ್ರೆ ಫ್ರೀ ಮಾಡಿ, ಇಲ್ದಿದ್ರೆ ಮುಂದಿನ ಒಂದು ಚಕ್ರ ಜಾಕಿಯಲ್ಲಿ ಎತ್ತಿ ಕೆಳಗೆ ಸ್ಟ್ಯಾಂಡೋ ಮರದ ದಿಮ್ಮಿಯೋ ಕೊಡಿ. ಈಗ ಟ್ರಾನ್ಸ್‌ಫರ್ ಕೇಸಿಂದ ಮುಂದಿನ ಆಕ್ಸಲಿಗೆ ಹೋಗೋ ಉದ್ದ ಶಾಫ್ಟ್, ಅಂದ್ರೆ ಮುಂದಿನ ಪ್ರೊಪೆಲ್ಲರ್ ಶಾಫ್ಟ್ ಕೈಯಲ್ಲಿ ತಿರುಗಿಸಿ. ಟೂ ವೀಲಲ್ಲಿ ಸಲೀಸಾಗಿ ತಿರುಗ್ಬೇಕು, ಫೋರ್ ವೀಲ್ ಹಾಕಿ ಫಸ್ಟ್ ಗೇರಲ್ಲಿ ಬಿಟ್ಟಾಗ ಸ್ವಲ್ಪ ಅಲ್ಲಾಡಿ ಗಟ್ಟಿ ನಿಲ್ಬೇಕು. ಎರಡರಲ್ಲೂ ತಿರುಗ್ತಿದ್ರೆ ಲೈಟಿಂದಲ್ಲ, ಲಿವರ್ ಲಿಂಕೇಜಿಂದೋ ಒಳಗೆ ಗೇರ್ ಜರುಗಿಸೋ ಫೋರ್ಕಿಂದೋ ತೊಂದರೆ. ಅದಕ್ಕೂ ಮೊದಲು ಲಿವರ್ ಬುಡದಲ್ಲಿ ದಪ್ಪ ರಬ್ಬರ್ ಮ್ಯಾಟ್ ಸಿಕ್ಕಿಹಾಕ್ಕೊಂಡು ಲಿವರ್ ಪೂರ್ತಿ ಬರದಂಗೆ ತಡೀತಿದ್ಯಾ ನೋಡಿ, ನಗಬೇಡಿ, ಇದು ಆಗುತ್ತೆ.

ಇನ್ನು ಕೆಲವರದ್ದು ಉಲ್ಟಾ ಕಂಪ್ಲೇಂಟ್, ಟೂ ವೀಲಿಗೆ ತಂದ್ರೂ ಲೈಟ್ ಆರಲ್ಲ ಅಂತ. ಟಾರ್ ರೋಡಲ್ಲಿ ಫೋರ್ ವೀಲ್ ಹಾಕಿ ತಿರುವು ತಗೊಂಡಿರ್ತಾರೆ. ಈ ಗಾಡಿಗಳಲ್ಲಿ ಮುಂದಿನ, ಹಿಂದಿನ ಶಾಫ್ಟುಗಳು ಬೇರೆಬೇರೆ ವೇಗದಲ್ಲಿ ತಿರುಗೋಕೆ ಬಿಡೋ ಡಿಫರೆನ್ಷಿಯಲ್ ನಡುವೆ ಇಲ್ಲ, ತಿರುವಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಜಾಸ್ತಿ ದೂರ ಓಡ್ಬೇಕು, ಓಡೋಕೆ ಆಗ್ದೆ ಶಾಫ್ಟುಗಳು ಬಿಗಿದುಕೊಳ್ತವೆ, ಲಿವರ್ ಬಂದ್ರೂ ಒಳಗಿನ ಗೇರ್ ಬಿಡಲ್ಲ. ನೆಟ್ಟಗೆ ಹತ್ತು ಅಡಿ ರಿವರ್ಸ್ ತಗೊಳ್ಳಿ, ಟಕ್ ಅಂತ ಬಿಡುತ್ತೆ, ಲೈಟೂ ಆರುತ್ತೆ. ಇದಕ್ಕೆ ಸ್ವಿಚ್ ಬದಲಾಯಿಸಿದ್ರೆ ದುಡ್ಡು ದಂಡ.

ಫೋರ್ ವೀಲ್ ಸರಿಯಾಗಿ ಬೀಳ್ತಿದ್ದೂ ಲೈಟ್ ಬರದಿದ್ರೆ ಫ್ಯೂಸ್ ನೋಡಿ, ಬಲ್ಬ್ ನೋಡಿ. ಬಲ್ಬಿಗೆ ಎಲ್‌ಇಡಿ ಬೇಡ, ಉಲ್ಟಾ ಕೂರಿಸಿದ್ರೆ ಹತ್ತಲ್ಲ, ಎಲ್ಲಾದ್ರೂ ಸಣ್ಣ ಲೀಕೇಜ್ ಇದ್ರೆ ಫೋರ್ ವೀಲ್ ಹಾಕ್ದೇನೂ ಮಂಕಾಗಿ ಉರೀತಿರುತ್ತೆ.

ಆದ್ರೆ ಬಲ್ಬಿಗೋಸ್ಕರ ಮೀಟರ್ ಬಿಚ್ಚೋಕೆ ಮೊದಲು ಕೆಳಗೆ ಹೋಗಿ ಸ್ವಿಚ್ಚಿನ ಕನೆಕ್ಟರ್ ತೆಗೀರಿ. ರಿವರ್ಸ್ ಲೈಟ್ ಸ್ವಿಚ್ ಕೂಡ ನೋಡೋಕೆ ಹಿಂಗೇ ಇರುತ್ತೆ, ಆದ್ರೆ ಅದು ಗೇರ್ ಬಾಕ್ಸ್ ಮೇಲೆ. ಕನೆಕ್ಟರ್ ತೆಗೆದಾಗ ರಿವರ್ಸ್ ಲೈಟ್ ಹೋದ್ರೆ ನೀವು ತಪ್ಪು ಸ್ವಿಚ್ ಹಿಡಿದಿದ್ದೀರಿ. ಸರಿಯಾದ್ದು ಸಿಕ್ಕಿದ ಮೇಲೆ ಇಗ್ನಿಷನ್ ಆನ್ ಮಾಡಿ, ವಯರನ್ನ ಸೀದಾ ಚಾಸಿಗೆ ತಾಗಿಸ್ಬೇಡಿ, ಕೆಲವು ಗಾಡೀಲಿ ಅದರಲ್ಲಿ ನೇರ ಬ್ಯಾಟರಿ ಸಪ್ಲೈ ಬರುತ್ತೆ, ಫ್ಯೂಸ್ ಢಮಾರ್. 21 ವ್ಯಾಟಿನ ಹಳೇ ಇಂಡಿಕೇಟರ್ ಬಲ್ಬಿಗೆ ಎರಡು ವಯರ್ ಕಟ್ಕೊಂಡು ಒಂದು ತುದಿ ಚಾಸಿಗೆ, ಇನ್ನೊಂದು ಕನೆಕ್ಟರಿಗೆ ಹಿಡೀರಿ. ಕೈಯಲ್ಲಿರೋ ಬಲ್ಬ್ ಹತ್ತದೆ ಮೀಟರಲ್ಲಿ ಲೈಟ್ ಬಂದ್ರೆ ಬಲ್ಬು, ಫ್ಯೂಸು, ವಯರಿಂಗು ಎಲ್ಲ ಸರಿ ಇದೆ ಅಂತ, ತಪ್ಪು ಸ್ವಿಚ್ಚಿಂದೋ ಅರ್ಥಿಂದೋ. ಕೈಯಲ್ಲಿರೋದು ಜೋರಾಗಿ ಉರಿದ್ರೆ ಅದು ಸಪ್ಲೈ ವಯರ್, ಬಲ್ಬಿನ ಚಾಸಿ ಕಡೆ ತುದಿ ತೆಗೆದು ಪಕ್ಕದ ವಯರಿಗೆ ಹಿಡೀರಿ, ಮೀಟರಲ್ಲಿ ಲೈಟ್ ಬರುತ್ತಾ ನೋಡಿ. ಕನೆಕ್ಟರಿನ ಯಾವ ವಯರಿಗೆ ಹಿಡಿದ್ರೂ ಎರಡು ಬಲ್ಬೂ ಹತ್ತದಿದ್ರೆ ತೊಂದರೆ ಮೀಟರಿನ ಬಲ್ಬ್, ಫ್ಯೂಸ್ ಇಲ್ಲಾ ನಡುವಿನ ವಯರ್. ನಮ್ಮ ಕಡೆ ವಯರ್ ಅಂದ್ರೆ ಇಲಿ ಅಂತಲೇ ತಿಳ್ಕೊಳ್ಳಿ, ಕೊಟ್ಟಿಗೆ ಪಕ್ಕ ನಿಲ್ಲಿಸಿದ ಗಾಡಿ ಮಳೆಗಾಲದಲ್ಲಿ ಇಲಿಗೆ ಬೆಚ್ಚಗಿನ ಮನೆ. ಜೋಡಿಸೋವಾಗ ಸೋಲ್ಡರ್ ಮಾಡಿ ಹೀಟ್ ಶ್ರಿಂಕ್ ಹಾಕಿ. ತಿರುಚಿ ಕಪ್ಪು ಟೇಪ್ ಸುತ್ತಿದ್ದು ಆಗುಂಬೆ ಕಡೆ ಒಂದು ಮಳೆಗಾಲ ತಡೆಯಲ್ಲ, ಒಳಗೆ ಹಸಿರು ಕಿಲುಬು ಹಿಡಿದಿರುತ್ತೆ.

ಈಗ ಸ್ವಿಚ್. ಎಲ್ಲರೂ ಕೆಡಿಸೋದು ಇಲ್ಲೇ.

ಬಿಚ್ಚೋಕೆ ಮೊದಲು ಸುತ್ತ ಕಟ್ಟಿರೋ ಕೆಂಪು ಮಣ್ಣನ್ನ ಬ್ರಷ್ ಹಾಕಿ ತೊಳೆದು ಒರೆಸಿ, ಇಲ್ದಿದ್ರೆ ಸ್ವಿಚ್ ಹೊರಗೆ, ಮಣ್ಣು ಒಳಗೆ. ಹಿಂದಿನ ರಾತ್ರಿನೇ ತುಕ್ಕು ಬಿಡಿಸೋ ಸ್ಪ್ರೇ ಹೊಡೆದಿಡಿ. ಗಾಡಿ ಸ್ವಲ್ಪ ಓಡಿಸಿ ಕೇಸ್ ಬೆಚ್ಚಗಿದ್ದಾಗ ಬಿಚ್ಚಿ, ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಜಾಸ್ತಿ ಹಿಗ್ಗುತ್ತೆ, ಥ್ರೆಡ್ ಸುಲಭವಾಗಿ ಬಿಡುತ್ತೆ, ಸೈಲೆನ್ಸರ್ ಪೈಪಿಂದ ಕೈ ಜೋಪಾನ. ರಿಂಗ್ ಸ್ಪ್ಯಾನರ್ ಅಥವಾ ಉದ್ದ ಸಾಕೆಟ್ ಮಾತ್ರ, ಪೈಪ್ ರೆಂಚ್ ಹಾಕಿ ತಲೆ ಸವೆಸಿದ್ರೆ ಆಮೇಲೆ ಲೇತ್ ಶಾಪಿಗೆ ಅಲೆದಾಟ. ಕೆಳಗೆ ಟ್ರೇ ಇಡಿ, ಕೆಲವು ಕೇಸಲ್ಲಿ ಸ್ವಿಚ್ ಆಯಿಲ್ ಮಟ್ಟಕ್ಕಿಂತ ಕೆಳಗಿರುತ್ತೆ. ಆ ಟ್ರೇಗೆ ಇನ್ನೂ ಒಂದು ಕೆಲಸ ಇದೆ: ಕೆಲವು ಬಾಕ್ಸಲ್ಲಿ ಸ್ವಿಚ್ಚಿಗೂ ರಾಡಿಗೂ ನಡುವೆ ಒಂದು ಸಣ್ಣ ಸ್ಟೀಲ್ ಗುಂಡು ಇರುತ್ತೆ, ಸ್ವಿಚ್ ಹೊರಗೆ ಬರ್ತಿದ್ದಂಗೆ ಅದೂ ಉದುರುತ್ತೆ. ಅದು ಕೆಸರಲ್ಲಿ ಕಳೆದುಹೋದ್ರೆ ಎಷ್ಟು ಹೊಸ ಸ್ವಿಚ್ ಹಾಕಿದ್ರೂ ಪಿನ್ ಒತ್ತೋರಿಲ್ಲ.

ಬಿಚ್ಚಿದ ಸ್ವಿಚ್ಚಿಗೆ ಮಲ್ಟಿಮೀಟರ್ ಹಿಡಿದು ಪಿನ್ ಒತ್ತಿ ನೋಡಿ. ಸಾಮಾನ್ಯವಾಗಿ ಒತ್ತಿದಾಗ ಕನೆಕ್ಷನ್ ಸಿಗ್ಬೇಕು. ಕೆಲವು ಉಲ್ಟಾ ಕೆಲಸ ಮಾಡೋವು ಇವೆ, ಒತ್ತಿದ್ರೆ ಕಟ್ ಆಗೋವು, ಅದಕ್ಕೇ ಅಂಗಡೀಲಿ "ಇದೂ ಅದೇ ಸೈಜು" ಅಂತ ಕೊಟ್ಟಿದ್ದನ್ನ ಕಣ್ಣುಮುಚ್ಚಿ ತರಬೇಡಿ, ಹಳೇದನ್ನ ಜೇಬಲ್ಲಿಟ್ಕೊಂಡು ಹೋಗಿ, ಕೌಂಟರಲ್ಲೇ ಪಕ್ಕಪಕ್ಕ ಇಟ್ಟು ಪಿನ್ ಉದ್ದ, ಥ್ರೆಡ್ ನೋಡಿ, ಮಲ್ಟಿಮೀಟರ್ ಹಿಡಿದೇ ತಗೊಳ್ಳಿ. ಪಿನ್ ಅಂಟ್ಕೊಂಡಿದ್ರೆ ಡೀಸೆಲ್ಲಲ್ಲಿ ನೆನೆಸಿ ಹತ್ತಾರು ಸಲ ಒತ್ತಿದ್ರೆ ಬಿಡುತ್ತೆ, ಆದ್ರೆ ನನ್ನ ಕೇಳಿದ್ರೆ ಒಂದ್ಸಲ ಅಂಟಿದ್ದನ್ನ ವಾಪಸ್ ಹಾಕ್ಬೇಡಿ.

ಇನ್ನು ವಾಷರ್. ಇದನ್ನ ಎರಡೆರಡು ಸಲ ಓದಿ. ಸ್ವಿಚ್ಚಿನ ಕೆಳಗಿರೋ ಆ ತಾಮ್ರದ ಅಥವಾ ಅಲ್ಯೂಮಿನಿಯಂ ವಾಷರ್ ಬರೀ ಆಯಿಲ್ ಲೀಕ್ ತಡೆಯೋಕಲ್ಲ, ಪಿನ್ ಎಷ್ಟು ಒಳಗೆ ಹೋಗ್ಬೇಕು ಅನ್ನೋದನ್ನ ತೀರ್ಮಾನಿಸೋದೇ ಅದರ ದಪ್ಪ. ಲೀಕ್ ಆಗುತ್ತೆ ಅಂತ ಎರಡು ವಾಷರ್ ಹಾಕಿದ್ರೆ ಪಿನ್ ರಾಡಿಗೆ ಸಿಗದೆ ಲೈಟೇ ಬರಲ್ಲ, ವಾಷರ್ ಬಿಟ್ಟು ಹಾಕಿದ್ರೆ ಪಿನ್ ಯಾವಾಗ್ಲೂ ಒತ್ತಿಕೊಂಡೇ ಇದ್ದು ಲೈಟ್ ಆರೋದೇ ಇಲ್ಲ, ಕೆಲವೊಮ್ಮೆ ಪಿನ್ನೇ ಬಾಗುತ್ತೆ. ಹಳೇ ವಾಷರ್ ದಪ್ಪಕ್ಕೆ ಸರಿಯಾದ ಹೊಸದು ಒಂದೇ ಒಂದು ಹಾಕಿ. ಟೆಫ್ಲಾನ್ ಟೇಪ್ ಸುತ್ತಲೇಬೇಡಿ. ಒಂದೇ ವಯರಿನ ಸ್ವಿಚ್ ಆದ್ರೆ ಅದಕ್ಕೆ ಅರ್ಥ್ ಸಿಗೋದು ಥ್ರೆಡ್ಡಿಂದಲೇ, ಟೇಪ್ ಸುತ್ತಿದ್ರೆ ಅದೂ ಕಟ್. ಸಿಲಿಕಾನ್ ಗಮ್ ಮೆತ್ತೋರೂ ಇದ್ದಾರೆ, ಅವರ ಹತ್ರ ಗಾಡಿ ಬಿಡಬೇಡಿ. ಮೊದಲ ಸುತ್ತುಗಳನ್ನ ಬೆರಳಲ್ಲೇ ತಿರುಗಿಸಿ, ಆಮೇಲೆ ಸ್ಪ್ಯಾನರಲ್ಲಿ ಹದವಾಗಿ ಬಿಗಿ ಮಾಡಿ, ಅಲ್ಯೂಮಿನಿಯಂ ಥ್ರೆಡ್ ಕಿತ್ತುಬಂದ್ರೆ ಖರ್ಚು ಸ್ವಿಚ್ಚಿನ ಎಷ್ಟೋ ಪಟ್ಟು.

ಇಷ್ಟಾದ್ರೂ ಲೈಟ್ ಮಂಕಾಗಿ ಬಂದ್ರೆ ಎಂಜಿನ್ನಿಂದ ಚಾಸಿಗೆ ಹೋಗೋ ಅರ್ಥ್ ಪಟ್ಟಿ ನೋಡಿ. ಗೇರ್ ಬಾಕ್ಸ್ ಇಳಿಸಿ ಕೆಲಸ ಮಾಡಿದವರು ಅದನ್ನ ವಾಪಸ್ ಹಾಕೋದು ಮರೆತಿರ್ತಾರೆ, ಬಾಕ್ಸ್ ಕೂತಿರೋದು ರಬ್ಬರ್ ಮೇಲೆ, ಅರ್ಥ್ ಎಲ್ಲಿಂದ ಬರ್ಬೇಕು?

ಕನೆಕ್ಟರಿಗೆ ಚೂರು ವ್ಯಾಸಲೀನ್ ಹಚ್ಚಿ ಒತ್ತಿ ಕೂರಿಸಿ, ವಯರನ್ನ ಸೈಲೆನ್ಸರಿಂದ ದೂರ ಕಟ್ಟಿ. ಸೋರಿದಷ್ಟು ಆಯಿಲ್ ಲೆವೆಲ್ ಪ್ಲಗ್ ಬಿಚ್ಚಿ ತುಂಬಿಸಿ. ಟೆಸ್ಟ್ ಮಾಡೋದು ಮಣ್ಣಿನ ದಾರಿಯಲ್ಲಿ, ಟಾರ್ ಮೇಲಲ್ಲ. ಎರಡು ದಿನ ಬಿಟ್ಟು ಮತ್ತೆ ಕೆಳಗೆ ಮಲಗಿ ವಾಷರ್ ಸುತ್ತ ಆಯಿಲ್ ಹನಿ ಇದ್ಯಾ ನೋಡಿ, ಇದ್ರೆ ಇನ್ನೊಂದು ಚೂರು ಹದವಾಗಿ ಬಿಗಿ ಮಾಡಿ.