ಬಾಯಿಗೆ ಬಾಗಿದ ಕುತ್ತಿಗೆ

ಉಡುಪಿಯಲ್ಲಿ ನನ್ನದೊಂದು ಸಣ್ಣ ಹಲ್ಲಿನ ಕ್ಲಿನಿಕ್. ಹದಿನೇಳು ವರ್ಷವಾಯಿತು. ಕುತ್ತಿಗೆ ನೋವು ಶುರುವಾದದ್ದು ಹತ್ತನೇ ವರ್ಷದ ಸುಮಾರಿಗೆ. ಮೊದಲು ಸಂಜೆ ಮಾತ್ರ ಇತ್ತು. ಆಮೇಲೆ ಬೆಳಿಗ್ಗೆ ತಲೆ ಬಾಚುವಾಗಲೇ ಬಲ ಭುಜ ಹಿಡಿದುಕೊಳ್ಳತೊಡಗಿತು. ದಿಂಬು ಬದಲಾಯಿಸಿದೆ, ಮುಲಾಮು ಹಚ್ಚಿದೆ. ಕೊನೆಗೆ ಸ್ಟೂಲಿನ ಮೇಲೆ ತಪ್ಪು ಹೊರಿಸಿ, ಕುದುರೆ ಜೀನಿನ ಆಕಾರದ ಹೊಸ ಸ್ಟೂಲು ತಂದೆ. ಅದರಲ್ಲಿ ತೊಡೆ ಇಳಿಜಾರಾಗಿರುತ್ತದೆ, ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಸೊಂಟಕ್ಕೆ ಹಾಯೆನಿಸಿತು. ಕುತ್ತಿಗೆ ಮಾತ್ರ ಹಾಗೇ ಇತ್ತು.

ಫಿಸಿಯೋಥೆರಪಿಗೆ ಹೋದಾಗ ಅವರು, ಕೆಲಸ ಮಾಡುವಾಗ ಪಕ್ಕದಿಂದ ಒಂದು ವಿಡಿಯೋ ತೆಗೆಸಿ ಅಂದರು. ಸಹಾಯಕಿ ಮೊಬೈಲಿನಲ್ಲಿ ತೆಗೆದಳು. ನೋಡಿ ನಾಚಿಕೆಯಾಯಿತು. ಬಾವಿಗೆ ಬಿದ್ದ ಕೊಡಪಾನ ಹುಡುಕುವವರ ಹಾಗೆ ಬಾಗಿದ್ದೆ! ತಲೆಯೇ ಹತ್ತಿರ ಹತ್ತಿರ 5 ಕಿಲೋ. ಮುಂದೆ ಬಾಗಿದಷ್ಟೂ ಹಿಂದಿನ ಸ್ನಾಯುಗಳು ಅದನ್ನು ಜಗ್ಗಿ ಹಿಡಿಯಬೇಕು. 20 ಡಿಗ್ರಿ ದಾಟಬಾರದು ಅಂತ ಓದಿದ್ದೇನೋ ಹೌದು.

ವಿಡಿಯೋದಲ್ಲಿ ಇನ್ನೊಂದು ಕಂಡಿತು. ಪೇಷಂಟ್ ಅರ್ಧ ಕೂತೇ ಇದ್ದರು. "ಪೂರ್ತಿ ಮಲಗಿಸ್ಬೇಡಿ ಡಾಕ್ಟ್ರೇ, ತಲೆ ತಿರುಗ್ತದೆ" ಅಂತ ಹಿರಿಯರು ಅಂದರೆ ನಾನು ಆಯ್ತು ಅಂತ ನಾನೇ ಬಾಗುತ್ತಿದ್ದೆ. ಬರೀ ಸಂಕೋಚ. ಉಸಿರಾಟದ ತೊಂದರೆ ಇರುವವರನ್ನು, ತಿಂಗಳು ತುಂಬಿದ ಬಸುರಿಯರನ್ನು ಇವತ್ತಿಗೂ ಪೂರ್ತಿ ಮಲಗಿಸುವುದಿಲ್ಲ. ಅವರಿಗೆ ನಿಂತೇ ಕೆಲಸ ಮಾಡುತ್ತೇನೆ. ಉಳಿದವರಿಗೆ ಅದು ಸುಮ್ನೆ ಅಭ್ಯಾಸ.

ಈಗ ಮೊದಲು ನಾನು ನೆಟ್ಟಗೆ ಕೂರುತ್ತೇನೆ. ಆಮೇಲೆ ಚೇರು. ಮೇಲಿನ ಹಲ್ಲಾದರೆ ಪೂರ್ತಿ ಮಲಗಿಸಿ ಗದ್ದ ಮೇಲಕ್ಕೆ ಮಾಡಿಸುತ್ತೇನೆ. ಕೆಳಗಿನದಾದರೆ ಬೆನ್ನು ಸ್ವಲ್ಪ ಎತ್ತಿ, ಗದ್ದ ಕೆಳಕ್ಕೆ. ಬಾಯಿ ನನ್ನ ಮೊಣಕೈ ಮಟ್ಟಕ್ಕೆ ಬಂದಿರಬೇಕು. "ಸ್ವಲ್ಪ ನನ್ನ ಕಡೆ ತಿರುಗಿ" ಅನ್ನಲು ಈಗ ನಾಲಿಗೆ ತಡವರಿಸುವುದಿಲ್ಲ. ಎಷ್ಟೋ ಹೊತ್ತು ತಲೆಯ ಹಿಂದೆ, ಗಡಿಯಾರದ 12 ಗಂಟೆಯ ಜಾಗದಲ್ಲಿ ಕೂರುತ್ತೇನೆ.

ಕಷ್ಟವಾದದ್ದು ಕನ್ನಡಿ. ಮೇಲಿನ ದವಡೆ ಹಲ್ಲನ್ನು ಕನ್ನಡಿಯಲ್ಲಿ ನೋಡಿಯೇ ಕೆಲಸ ಮಾಡಲು ಕಾಲೇಜಿನಲ್ಲಿ ಕಲಿಸಿದ್ದರು. ಅವಸರದಲ್ಲಿ ಬಿಟ್ಟುಹೋಗಿತ್ತು. ಮತ್ತೆ ಶುರು ಮಾಡಿದಾಗ ಹಲ್ಲು ಕೊರೆಯುವ ಬರ್ ಎತ್ತ ಹೋಗುತ್ತದೆಂದೇ ತಿಳಿಯದು. ಹಿಂದೆ ಮುಂದೆ ಎಲ್ಲಾ ಅದಲುಬದಲು. ಒಂದು ತಿಂಗಳು ರೂಟ್ ಕೆನಾಲ್‌ಗೆ ಹೆಚ್ಚು ಹೊತ್ತು ಹಿಡಿಯಿತು, ಅಪಾಯಿಂಟ್‌ಮೆಂಟ್ ಕಡಿಮೆ ಕೊಟ್ಟೆ. ನಷ್ಟವೇ, ಆದರೆ ಬೇರೆ ದಾರಿ ಇರಲಿಲ್ಲ.

ಲೂಪ್ಸ್, ಅಂದರೆ ಹಲ್ಲು ದೊಡ್ಡದಾಗಿ ಕಾಣಿಸುವ ಕನ್ನಡಕ, ಅದರ ವಿಷಯದಲ್ಲೂ ಮೋಸಹೋದೆ. ಬಾಗಿ ಕೂತೇ ಅಳತೆ ಕೊಟ್ಟಿದ್ದೆ. ಅದನ್ನು ಹಾಕಿದರೆ ಬಾಗಿದಾಗ ಮಾತ್ರ ಸ್ಪಷ್ಟ ಕಾಣುತ್ತಿತ್ತು! ಎರಡನೆಯದನ್ನು ನೆಟ್ಟಗೆ ಕೂತು ಅಳತೆ ಕೊಟ್ಟು ಮಾಡಿಸಿದೆ.

ಹೆಬ್ಬೆರಳ ಬುಡದ ನೋವಿಗೆ ಮದ್ದು ಸುಲಭವಿತ್ತು. ಒಂದು ಸೈಜ್ ದೊಡ್ಡ ಗ್ಲೌಸ್, ಹಿಡಿ ದಪ್ಪವಿರುವ ಹಗುರ ಉಪಕರಣ. ಎಲೆಯಡಿಕೆ ಕಲೆ ತೆಗೆಯುವಾಗ ಸ್ಕೇಲರ್ (ಹಲ್ಲು ಸ್ವಚ್ಛ ಮಾಡುವ ಉಪಕರಣ) ಒತ್ತುವುದನ್ನೂ ಬಿಟ್ಟೆ. ತುದಿ ಕಂಪಿಸಿಯೇ ಕೆಲಸ ಮಾಡುವುದು, ಒತ್ತಿದರೆ ಆ ಕಂಪನವೇ ಕಡಿಮೆಯಾಗುತ್ತದೆ.

ನೋವು ಪೂರ್ತಿ ಹೋಗಿಲ್ಲ. ಎಡ ಮೇಲಿನ ಕೊನೆಯ ಹಲ್ಲು ಬಂದರೆ ಈಗಲೂ ಭುಜ ಏಳುತ್ತದೆ, ಸಹಾಯಕಿ ಮೆಲ್ಲ ತಟ್ಟುತ್ತಾಳೆ. ಹೊಸ ತಾಪತ್ರಯವೆಂದರೆ, ಮಲಗಿಸಿದ ಪೇಷಂಟುಗಳು ನಿದ್ದೆ ಮಾಡುತ್ತಾರೆ. ತಲೆ ತಿರುಗ್ತದೆ ಅಂದಿದ್ದ ಮಲ್ಪೆಯ ಅಮ್ಮ ಒಬ್ಬರು ಮೊನ್ನೆ ಸ್ಕೇಲಿಂಗ್ ನಡುವೆಯೇ ಗೊರಕೆ ಹೊಡೆದರು, ಕನ್ನಡಿ ಹಲ್ಲಿನ ಮಧ್ಯೆ ಸಿಕ್ಕಿಕೊಂಡಿತು. "ಅಮ್ಮಾ, ಬಾಯಿ ತೆರೀರಿ" ಅಂತ ಮೂರು ಸಲ ಕರೆಯಬೇಕಾಯಿತು.