ಎರಡನೇ ಫ್ರೆಟ್

ಎರಡು ಮಳೆಗಾಲದ ಹಿಂದೆ ನನ್ನ ಮಗ ಮನೆ ಪ್ರಾರ್ಥನೆಯಲ್ಲಿ ಹಾಡುವುದನ್ನು ನಿಲ್ಲಿಸಿಬಿಟ್ಟ. ಆಗ ಅವನಿಗೆ 13 ವರ್ಷ. ಪುಸ್ತಕ ತೆರೆದು ಕೂರುತ್ತಿದ್ದ. ಕಣ್ಣು ಸಾಲಿನ ಮೇಲೆ ಓಡುತ್ತಿತ್ತು. ಬಾಯಿ ಮಾತ್ರ ಮುಚ್ಚಿರುತ್ತಿತ್ತು. ನಾನು ಗಿಟಾರ್ ನುಡಿಸುತ್ತಾ ಓರೆಗಣ್ಣಿನಲ್ಲಿ ಅವನನ್ನೇ ನೋಡುತ್ತಿದ್ದೆ. ಹೊಟ್ಟೆಯೊಳಗೆ ಏನೋ ಸಂಕಟವಾಗುತ್ತಿತ್ತು.

ನಾನು ಮಂಗಳೂರಿನ ಒಂದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ 20 ವರ್ಷದಿಂದ ಆರಾಧನೆಗೆ ಕೀಬೋರ್ಡ್ ನುಡಿಸುತ್ತಿದ್ದೇನೆ. ಹೊಟ್ಟೆಪಾಡಿಗೆ ಮೋಟಾರ್ ವೈಂಡಿಂಗ್ ಅಂಗಡಿ ಇದೆ. ಮನೆಯಲ್ಲಿ ಗಿಟಾರೇ ಜಾಸ್ತಿ. ನಮ್ಮ ಮಳೆಗಾಲ ಗೊತ್ತಲ್ಲ, ಸಂಜೆ ಪ್ರಾರ್ಥನೆಯ ಹೊತ್ತಿಗೆ ಸರಿಯಾಗಿ ಕರೆಂಟ್ ಹೋಗುತ್ತದೆ. ಗಿಟಾರಿಗೆ ಕರೆಂಟ್ ಬೇಡ. ದಿನವಿಡೀ ತಾಮ್ರದ ತಂತಿ ಸುತ್ತಿದ ಬೆರಳು ರಾತ್ರಿ ಸ್ಟೀಲ್ ತಂತಿ ಒತ್ತುವಾಗ ಉರಿಯುತ್ತದೆ. ಎರಡು ಹಾಡು ಮುಗಿಯುವಷ್ಟರಲ್ಲಿ ಆ ಉರಿ ಮರೆತುಹೋಗಿರುತ್ತದೆ.

ನಮ್ಮ ಕಡೆ ಸಭೆಯಲ್ಲಿ ಹಾಡದವರು ಅಂತ ಯಾರೂ ಇರುವುದಿಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ ಅನ್ನುವ ಕ್ರೈಸ್ತ ಸಂಸ್ಥೆಯವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಜರ್ಮನ್ ಧಾಟಿಗಳನ್ನು ಜೊತೆಯಲ್ಲೇ ತಂದರು. ಅವಕ್ಕೆ ಕನ್ನಡದ ಮಾತು ಕೂಡಿಸಿ ಹಾಡುವುದು ಆಗಿನಿಂದ ಬಂದ ರೂಢಿ. ಸೊಪ್ರಾನೊ, ಆಲ್ಟೊ, ಟೆನರ್, ಬಾಸ್ ಅಂತ, ಮೇಲಿನಿಂದ ಕೆಳಗೆ ಒಂದೊಂದು ಗುಂಪಿಗೆ ಒಂದೊಂದು ಧಾಟಿಯಾಗಿ, ನಾಲ್ಕು ಸ್ವರದಲ್ಲಿ ಹಾಡುವುದು ನಮ್ಮ ಎಷ್ಟೋ ಮನೆಗಳಲ್ಲಿ ಊಟ ಮಾಡಿದಷ್ಟೇ ಸಹಜ. ಅಂಥ ಮನೆಯಲ್ಲಿ ಹುಟ್ಟಿದ ಹುಡುಗ, ಏಳನೇ ವಯಸ್ಸಿಗೇ ಕ್ರಿಸ್ಮಸ್ ಕಾರ್ಯಕ್ರಮದಲ್ಲಿ ಒಬ್ಬನೇ ನಿಂತು ಹಾಡಿದವನು, ಈಗ ಬಾಯಿ ಮುಚ್ಚಿ ಕೂತರೆ ತಂದೆಗೆ ಏನನಿಸಬೇಕು? ಭಕ್ತಿ ಕಡಿಮೆಯಾಗಿದೆ ಅನಿಸಿತು. ಗೆಳೆಯರು, ಮೊಬೈಲ್, ಎಲ್ಲದರ ಮೇಲೂ ನನಗೆ ಅನುಮಾನ ಬಂತು. ಒಂದು ರಾತ್ರಿ ತಡೆಯಲಾಗದೆ ಗದರಿಸಿಬಿಟ್ಟೆ. "ದೇವರ ಮುಂದೆ ಬಾಯಿ ಬಿಡಲಿಕ್ಕೆ ನಿನಗೆ ನಾಚಿಕೆಯಾ?" ಅಂದೆ. ಅವನು ಏನೂ ಹೇಳಲಿಲ್ಲ. ಕಿವಿ ಮಾತ್ರ ಕೆಂಪಾಯಿತು.

ಸತ್ಯ ಗೊತ್ತಾದದ್ದು ಮಗಳಿಂದ. ಅವಳಿಗೆ ಆಗ 8 ವರ್ಷ. ಮರುದಿನ ಅಂಗಡಿಗೆ ಹೊರಟಾಗ ಗೇಟಿನ ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ಪಪ್ಪ, ಅಣ್ಣ ಬಾತ್‌ರೂಮಿನಲ್ಲಿ ಹಾಡ್ತಾನೆ. ಅರ್ಧದಲ್ಲಿ ಸ್ವರ ಒಡೀತದೆ. ಆಮೇಲೆ ನಳ್ಳಿ ಜೋರು ಬಿಡ್ತಾನೆ, ಯಾರಿಗೂ ಕೇಳಬಾರದು ಅಂತ."

ಆ ದಿನ ಅಂಗಡಿಯಲ್ಲಿ ನನ್ನ ಕೈ ಓಡಲಿಲ್ಲ. ಕಾಯಿಲ್ ಸುತ್ತುವಾಗ ಲೆಕ್ಕ ತಪ್ಪಿತು, ಬಿಚ್ಚಿ ಮತ್ತೆ ಸುತ್ತಿದೆ. 20 ವರ್ಷ ಸಂಗೀತದ ಮಧ್ಯೆ ಇದ್ದವನು ನಾನು. ಸ್ವಂತ ಮಗನ ಗಂಟಲು ಬದಲಾಗುತ್ತಿರುವುದು ನನಗೆ ಕೇಳಿಸಲಿಲ್ಲ. ಕೇಳಿಸದೆ ಇರುವುದು ಹೇಗೆ? ಮಾತನಾಡುವಾಗ ಸ್ವರ ದಪ್ಪವಾಗಿದ್ದು ಕೇಳಿಸಿತ್ತು. ಅದನ್ನೂ ಹಾಡು ನಿಂತದ್ದನ್ನೂ ನಾನು ಜೋಡಿಸಿ ನೋಡಿರಲಿಲ್ಲ, ಅಷ್ಟೇ.

ಆ ರಾತ್ರಿ ಅವನ ಹತ್ತಿರ ಕ್ಷಮೆ ಕೇಳಿದೆ. ದೊಡ್ಡ ಮಾತೇನೂ ಆಡಲಿಲ್ಲ. "ನಿನ್ನೆ ನಾನು ಹೇಳಿದ್ದು ತಪ್ಪು ಮಗಾ" ಅಂದೆ. ಅವನು "ಪರವಾಗಿಲ್ಲ ಪಪ್ಪ" ಅಂದ. ಆ ಎರಡು ಅಕ್ಷರದ 'ಪಪ್ಪ'ದೊಳಗೇ ಸ್ವರ ಎರಡು ಸಲ ಒಡೆಯಿತು. ಇಬ್ಬರಿಗೂ ಕೇಳಿಸಿತು. ಇಬ್ಬರೂ ಸುಮ್ಮನಿದ್ದೆವು.

ಮೊದಲು ನಾನು ಮಾಡಿದ್ದು ಎಲ್ಲರೂ ಮಾಡುವ ಕೆಲಸ. ಹಾಡಿನ ಶ್ರುತಿ ಇಳಿಸಿದೆ. ಸ್ವರ ದಪ್ಪವಾಗಿದೆ, ಕೆಳಗೆ ಹಿಡಿದರೆ ಸರಿಹೋಗುತ್ತದೆ ಅಂದುಕೊಂಡೆ. ಜಿ ಯಲ್ಲಿದ್ದ ಹಾಡನ್ನು ಇ ಗೆ ತಂದೆ. ಆಗಲಿಲ್ಲ. ಸಾಲಿನ ಮಧ್ಯದಲ್ಲಿ ಎರಡು ಮಾತು ಹಾಡುತ್ತಿದ್ದ, ಧಾಟಿ ಕೆಳಗಿಳಿದರೆ ಬರೀ ಗಾಳಿ, ಮೇಲೇರಿದರೆ ಒಡಕು. ಮತ್ತೆ ಬಾಯಿ ಮುಚ್ಚಿದ.

ಒಂದು ಶನಿವಾರ ಮಧ್ಯಾಹ್ನ ಅವನನ್ನು ಕೋಣೆಗೆ ಕರೆದು ಬಾಗಿಲು ಹಾಕಿದೆ. ಕೀಬೋರ್ಡಿನ ವಾಲ್ಯೂಮ್ ಕಡಿಮೆ ಮಾಡಿದೆ. "ಹಾಡುವುದು ಬೇಡ. ನಾನು ಒಂದೊಂದೇ ಕೀ ಒತ್ತುತ್ತೇನೆ, ನೀನು ಸುಮ್ನೆ 'ಆ' ಅನ್ನು" ಅಂದೆ. ಅವನ ಮುಖ ನೋಡಲಿಲ್ಲ, ಕೀಗಳನ್ನೇ ನೋಡುತ್ತಾ ಕೂತೆ. ಇದು ಮುಖ್ಯ. ಆ ವಯಸ್ಸಿನ ಹುಡುಗನಿಗೆ ನೋಡುವ ಕಣ್ಣೇ ಭಾರ. ಕೀಬೋರ್ಡಿನ ನಡುವಿನ ಮಿಡ್ಲ್ ಸಿ ಯಿಂದ ಶುರು ಮಾಡಿದೆ. ಬಂತು. ಬಿ, ಬಂತು. ಎ, ಬಂತು. ಅದರ ಕೆಳಗೆ ಜಿ ಒತ್ತಿದರೆ ಉಸಿರು ಮಾತ್ರ. ಮತ್ತೆ ಮೇಲಕ್ಕೆ ಹೋದೆ. ಡಿ, ಇ ಸಲೀಸು. ಎಫ್ ಶಾರ್ಪ್‌ವರೆಗೆ ಸ್ವರ ಗಟ್ಟಿಯಾಗಿತ್ತು. ಅದರ ಮೇಲೆ ಜಿ ಯಲ್ಲಿ ಒಡೆಯಿತು. ಪೆನ್ಸಿಲಿನಿಂದ ಆ ಎರಡು ಕೀಗಳ ಮೇಲೆ ಸಣ್ಣ ಗುರುತು ಹಾಕಿದೆ. ಇವತ್ತಿಗೂ ಆ ಗುರುತು ಮಸುಕಾಗಿ ಇದೆ.

ಎ ಯಿಂದ ಎಫ್ ಶಾರ್ಪ್‌ವರೆಗೆ. ಎ ಯನ್ನು 'ಸ' ಅಂತ ಹಿಡಿದರೆ 'ದ'ವರೆಗೆ, ಆರು ಸ್ವರ. ಅವನ ಹತ್ತಿರ ಇದ್ದದ್ದು ಅಷ್ಟೇ. ನಾವು ಹಾಡುವ ಹೆಚ್ಚಿನ ಧಾಟಿಗಳಿಗೆ ಎಂಟು, ಒಂಬತ್ತು ಸ್ವರ ಬೇಕು. ಆರು ಮೆಟ್ಟಿಲಿನ ಏಣಿಯನ್ನು ಎಲ್ಲಿ ಒರಗಿಸಿಟ್ಟರೂ ಒಂಬತ್ತು ಮೆಟ್ಟಿಲಿನ ಅಟ್ಟ ಮುಟ್ಟುವುದಿಲ್ಲ. ನಾನು ಶ್ರುತಿ ಇಳಿಸಿದ್ದು ಅದಕ್ಕೇ ಉಪಯೋಗಕ್ಕೆ ಬರಲಿಲ್ಲ. ಹುಡುಗರ ಧ್ವನಿಪೆಟ್ಟಿಗೆ ಈ ವಯಸ್ಸಿನಲ್ಲಿ ಬೇಗ ಬೆಳೆಯುತ್ತದೆ, ಸ್ವರ ಸುಮಾರು ಒಂದು ಆಕ್ಟೇವ್, ಅಂದರೆ ಒಂದು ಸ್ಥಾಯಿ, ಕೆಳಗಿಳಿಯುತ್ತದೆ. ಆದರೆ ಒಂದೇ ಸಲಕ್ಕೆ ಇಳಿಯುವುದಿಲ್ಲ. ನಡುವಿನ ಕೆಲವು ತಿಂಗಳು ಮೇಲಿನದು ಕಳೆದುಹೋಗಿರುತ್ತದೆ, ಕೆಳಗಿನದು ಇನ್ನೂ ಸಿಕ್ಕಿರುವುದಿಲ್ಲ. ಕೈಯಲ್ಲಿ ಉಳಿಯುವುದು ಮಧ್ಯದ ನಾಲ್ಕಾರು ಸ್ವರ. ಅದರಲ್ಲೇ ಅವನು ದೇವರಿಗೆ ಹಾಡಬೇಕು. ಹಾಗಾದರೆ ನಾನು ಹುಡುಕಬೇಕಾದದ್ದು ಆ ಆರು ಸ್ವರದೊಳಗೆ ಮುಗಿಯುವ ಹಾಡುಗಳನ್ನು.

ಹುಡುಕಲು ಕೂತೆ. ಒಂದು ರೂಲ್ಡ್ ನೋಟ್‌ಬುಕ್ ತಂದು ಪ್ರತಿ ಹಾಡಿನ ಮುಂದೆ ಅದರ ಎಲ್ಲಕ್ಕಿಂತ ಕೆಳಗಿನ ಸ್ವರ, ಮೇಲಿನ ಸ್ವರ ಬರೆದುಕೊಂಡೆ. ಅಂಗಡಿ ಮುಚ್ಚಿದ ಮೇಲೆ ದಿನಕ್ಕೆ ಹತ್ತು ಹದಿನೈದು ಹಾಡು. ಜರ್ಮನ್ ಧಾಟಿಗಳು ಒಂದಾದ ಮೇಲೊಂದು ಹೊರಗೆ ಬಿದ್ದವು. ಎರಡನೇ ಸಾಲಿನಲ್ಲೇ ಮೇಲಿನ 'ಸ' ಮುಟ್ಟುವ ಧಾಟಿಗಳು ಅವು. ಒಳಗೆ ಉಳಿದದ್ದು ಹೆಚ್ಚಾಗಿ ನಮ್ಮ ಭಜನೆಯ ಧಾಟಿಯವು, ಮಕ್ಕಳ ಹಾಡುಗಳು, ಮನೆಯಲ್ಲಿ ಅಜ್ಜಿಯರು ಬಾಯಿಪಾಠವಾಗಿ ಹಾಡಿಕೊಂಡು ಬಂದವು. ಕೊನೆಗೆ ಎಣಿಸಿದರೆ 14.

ಈ ಹುಡುಕಾಟದಲ್ಲಿ ಇನ್ನೊಂದು ವಿಷಯವೂ ಕಣ್ಣಿಗೆ ಬಿತ್ತು. ಪಕ್ಕದಲ್ಲಿ ಕೂತು ಹಾಡುತ್ತಿದ್ದ ಮಗಳು ಒಂದು ದಿನ "ಪಪ್ಪ, ದೀನ ದೀನ ಅಂದ್ರೇನು?" ಅಂತ ಕೇಳಿದಳು. ಪುಸ್ತಕದಲ್ಲಿದ್ದದ್ದು 'ದಿನ ದಿನ'. ಧಾಟಿಯಲ್ಲಿ 'ದಿ' ಅಕ್ಷರದ ಮೇಲೆ ಎರಡು ಬೀಟಿನ ಉದ್ದ ಸ್ವರ ಬಂದಿದೆ, ಹಾಡುವಾಗ ದಿನ ಹೋಗಿ ದೀನ ಆಗಿದೆ. ಹಾಗೇ ಮನ ಅನ್ನುವುದು ಮಾನ ಆಗುತ್ತದೆ, ಕರೆ ಅನ್ನುವುದು ಕಾರೆ ಆಗುತ್ತದೆ. ನಾವು ದೊಡ್ಡವರು ಹುಟ್ಟಿದಾಗಿನಿಂದ ಕೇಳಿ ಕೇಳಿ ಗಮನಿಸುವುದೇ ಇಲ್ಲ. ಜರ್ಮನ್, ಇಂಗ್ಲಿಷ್ ಹಾಡು ನಡೆಯುವುದು ಒತ್ತಿನ ಮೇಲೆ. ಕನ್ನಡ ನಡೆಯುವುದು ಲಘು ಗುರುವಿನ ಮೇಲೆ. ಲಘು ಅಕ್ಷರವನ್ನು ಎಳೆದರೆ ಅದು ಬೇರೆಯೇ ಮಾತು. ಬಾಸೆಲ್ ಮಿಶನ್‌ನ ಕಿಟೆಲ್ ಅವರಿಗೆ ಇದು ಚೆನ್ನಾಗಿ ಗೊತ್ತಿತ್ತು. ನಿಘಂಟು ಮಾಡಿದವರು ಅಂತಲೇ ನಾವು ಅವರನ್ನು ನೆನೆಯುತ್ತೇವೆ, ಆದರೆ 1875ರಲ್ಲಿ ನಾಗವರ್ಮನ ಛಂದಸ್ಸಿನ ಗ್ರಂಥವನ್ನು ಮಂಗಳೂರಿನಲ್ಲಿ ಅಚ್ಚು ಹಾಕಿಸಿದವರೂ ಅವರೇ. ಅದಕ್ಕೂ ಮೊದಲು, 1862ರಲ್ಲಿ, ಯೇಸುವಿನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲೇ ಪದ್ಯವಾಗಿ ಬರೆದಿದ್ದರು. ನನ್ನ 14 ಹಾಡುಗಳಲ್ಲಿ ಮಾತು ಮುರಿಯದೆ ಉಳಿದದ್ದೇ ಜಾಸ್ತಿ. ಈಗ ಮಾತು ಎಳೆಯುವ ಕಡೆ ನಾನು ಉದ್ದ ಸ್ವರವನ್ನು ಎರಡಾಗಿ ಒಡೆದು, ಎರಡನೇ ಬೀಟಿನಲ್ಲಿ ಕಾರ್ಡ್ (ಒಟ್ಟಿಗೆ ನುಡಿಯುವ ಕೆಲವು ಸ್ವರ) ಮಾತ್ರ ನುಡಿಸುತ್ತೇನೆ. ಹಾಡುವವರು ಅಕ್ಷರವನ್ನು ಅಲ್ಲೇ ಬಿಡಬಹುದು.

ಇರಲಿ, ಮೊದಲ ರಾತ್ರಿಯ ಮಾತಿಗೆ ಬರುತ್ತೇನೆ. ಹಾಡು 'ಸ' ದಿಂದ 'ದ'ವರೆಗಿನದು, ಶ್ರುತಿ ಎ. ಗಿಟಾರಿನಲ್ಲಿ ಕೇಪೋವನ್ನು (ತಂತಿಗಳನ್ನೆಲ್ಲ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್) ಎರಡನೇ ಫ್ರೆಟ್‌ಗೆ, ಅಂದರೆ ಕತ್ತಿನ ಮೇಲಿನ ಎರಡನೇ ಲೋಹದ ಪಟ್ಟಿಗೆ, ಹಾಕಿ ಜಿ, ಸಿ, ಡಿ ಹಿಡಿತಗಳನ್ನೇ ಹಿಡಿದರೆ ಎ ಶ್ರುತಿ ಬರುತ್ತದೆ. ಕೈಗೆ ಹೊಸದೇನೂ ಇಲ್ಲ. ಪಿಕ್ ಬಿಟ್ಟು ಹೆಬ್ಬೆರಳಿನ ಮಾಂಸದಲ್ಲಿ ಮೆತ್ತಗೆ ಮೀಟಿದೆ. ಧಾಟಿಯನ್ನು ನುಡಿಸಲಿಲ್ಲ, ಕಾರ್ಡ್ ಮಾತ್ರ. ಧಾಟಿ ನುಡಿಸಿದರೆ ಅವನು ತನ್ನ ಸ್ವರವನ್ನು ತಂತಿಯ ಜೊತೆ ಹೋಲಿಸಿಕೊಂಡು ಹೆದರುತ್ತಾನೆ ಅನಿಸಿತು. ಅವನನ್ನು ನನ್ನ ಎದುರಿಗೆ ಕೂರಿಸದೆ ನನ್ನ ಅಮ್ಮನ ಪಕ್ಕ ಕೂರಿಸಿದೆ. ನಾನು ಒಂದು ಆಕ್ಟೇವ್ ಕೆಳಗೆ ಶುರು ಮಾಡಿದೆ. ಮೊದಲ ಚರಣ ಅವನು ಸುಮ್ಮನಿದ್ದ. ಎರಡನೇ ಚರಣದಲ್ಲಿ ಸಣ್ಣಗೆ ಒಂದು ಸ್ವರ ಸೇರಿತು. ಒಡೆಯಲಿಲ್ಲ.

ಸ್ವಲ್ಪ ಹೊತ್ತಿಗೆ ನನಗೆ ಇನ್ನೇನೋ ಕೇಳಿಸಿತು. ಅವನದು ಒಂದೇ ಸ್ವರವಲ್ಲ, ಅದರೊಳಗೆ ಇನ್ನೊಂದು ಇದೆ. ತಲೆ ಎತ್ತಿ ನೋಡಿದರೆ ಅಮ್ಮ ಹಾಡುತ್ತಿದ್ದಾರೆ.

ನನ್ನ ಅಮ್ಮನಿಗೆ ಆಗ 74 ವರ್ಷ. ಹುಡುಗಿಯಾಗಿದ್ದಾಗ ಕ್ವಾಯರ್‌ನಲ್ಲಿ ಸೊಪ್ರಾನೊ ಹಾಡುತ್ತಿದ್ದವರು. ಕೆಲವು ವರ್ಷಗಳಿಂದ ಪ್ರಾರ್ಥನೆಯಲ್ಲಿ ತುಟಿ ಮಾತ್ರ ಆಡಿಸುತ್ತಿದ್ದರು. ಯಾಕೆ ಅಂತ ನಾವು ಯಾವತ್ತೂ ಕೇಳಿರಲಿಲ್ಲ. ಪ್ರಾಯ ಆಯಿತು, ದಣಿವು, ಅಂತ ಬಿಟ್ಟಿದ್ದೆವು. ಅವತ್ತು ಕೇಳಿದೆ. "ಸ್ವರ ಏರುವುದಿಲ್ಲ ಮಗಾ. ನೀನು ಹಿಡಿಯುವ ಎತ್ತರ ನನಗೆ ಆಗುವುದಿಲ್ಲ. ಇವತ್ತಿನದು ಆಯಿತು" ಅಂದರು. "ಮೊದಲೇ ಹೇಳಬಾರದಿತ್ತಾ ಅಮ್ಮ?" ಅಂದೆ. "ನೀನು ಅಷ್ಟು ಚೆಂದ ನುಡಿಸ್ತಿ. ನನಗೋಸ್ಕರ ಯಾಕೆ ಬದಲಿಸುವುದು" ಅಂದರು.

ಪ್ರಾಯ ಆದಂತೆ ಹೆಂಗಸರ ಸ್ವರ ಕೆಳಗಿಳಿಯುತ್ತದೆ. ಮೊಮ್ಮಗನ ಸ್ವರ ಮೇಲಿನಿಂದ ಇಳಿದು ಬರುವ ದಾರಿಯಲ್ಲಿ, ಅಜ್ಜಿಯ ಸ್ವರ ಬಂದು ನಿಂತಿದ್ದ ಜಾಗದಲ್ಲೇ ಆ ವರ್ಷ ತಂಗಿತ್ತು. ಇಬ್ಬರದೂ ಅದೇ ಆರು ಸ್ವರ. ನಾನು ಒಬ್ಬನಿಗೆ ಅಂತ ಹಿಡಿದ ಶ್ರುತಿ ಇಬ್ಬರಿಗೆ ಸರಿಯಾಯಿತು. ಆ ರಾತ್ರಿ ಪ್ರಾರ್ಥನೆ ಮಾಡುವ ಸರದಿ ನನ್ನದು. ನನಗೆ ಮಾತು ಬರಲಿಲ್ಲ. ಹೆಂಡತಿ ಮುಂದುವರಿಸಿದಳು.

ಅಲ್ಲಿಂದ ಸುಮಾರು ಎಂಟು ತಿಂಗಳು ಆ 14 ಹಾಡುಗಳೇ ನಮ್ಮ ಮನೆಯ ಹಾಡುಗಳಾದವು. ಬೇಸರ ಬರಲಿಲ್ಲವಾ ಅಂತ ಗೆಳೆಯರೊಬ್ಬರು ಕೇಳಿದರು. ಇಲ್ಲ. ಅಜ್ಜಿ, ಮೊಮ್ಮಗ ಒಂದೇ ಪುಸ್ತಕ ಹಿಡಿದು ಕೂರುತ್ತಿದ್ದರು. ಅಮ್ಮನಿಗೆ ಕಣ್ಣು ಮಂಜು, ಸಾಲು ತಪ್ಪಿದರೆ ಅವನು ಬೆರಳಿಟ್ಟು ತೋರಿಸುತ್ತಿದ್ದ. ಅವನಿಗೆ ಉಸಿರು ಎಲ್ಲಿ ತೆಗೆದುಕೊಳ್ಳಬೇಕು ಅಂತ ಅಮ್ಮ ಮೊಣಕಾಲು ಮುಟ್ಟಿ ಹೇಳಿಕೊಡುತ್ತಿದ್ದರು.

ಬೈಬಲಿನಲ್ಲಿ ದಾವೀದ ರಾಜ ಸೌಲನ ಮುಂದೆ ಕಿನ್ನರಿ ನುಡಿಸಿದ ಕಥೆಯನ್ನು ನಾನು ಭಾನುವಾರ ಶಾಲೆಯಿಂದ ಕೇಳುತ್ತಾ ಬಂದವನು. ಅವನು ನುಡಿಸಿದಾಗ ಸೌಲನಿಗೆ ಹಾಯೆನಿಸುತ್ತಿತ್ತು ಅಂತ ಅಲ್ಲಿ ಬರೆದಿದೆ. ಎಂಥ ರಾಗ, ಅದರ ಮಾತೇ ಇಲ್ಲ. ಈ ವಾಕ್ಯ ನನಗೆ ಈಗೀಗ ಬೇರೆ ರೀತಿ ಕೇಳಿಸುತ್ತದೆ.

ಸಭೆಯಲ್ಲಿ ಇದನ್ನು ಮಾಡುವುದು ಅಷ್ಟು ಸುಲಭ ಇರಲಿಲ್ಲ. ಪುಸ್ತಕದ ಶ್ರುತಿ ನಾಲ್ಕು ಸ್ವರಕ್ಕೆ ಹೊಂದಿಸಿ ಇಟ್ಟದ್ದು. ಅದನ್ನು ತುಂಬಾ ಇಳಿಸಿದರೆ ಬಾಸ್‌ನವರಿಗೆ ನೆಲ ಸಿಗುವುದಿಲ್ಲ, ದೊಡ್ಡ ದೇವಾಲಯದಲ್ಲಿ ಹಾಡು ಮಂಕಾಗುತ್ತದೆ. ಕ್ವಾಯರ್‌ನ ಹಿರಿಯರೊಬ್ಬರು ಹಾಗೆ ಹೇಳಿದರು. ಅವರು ಹೇಳಿದ್ದು ಸರಿಯೇ. ಅಯ್ಯನವರ (ಸಭೆಯ ಪಾದ್ರಿಯವರ) ಹತ್ತಿರ ಮಾತಾಡಿ ಕಾಣಿಕೆಯ ಹೊತ್ತಿನ ಒಂದು ಹಾಡನ್ನು ಮಾತ್ರ ತಗ್ಗಿನಲ್ಲಿ ಹಿಡಿಯುವುದು ಅಂತಾಯಿತು. ಆ ಹಾಡಿಗೆ ನಾಲ್ಕು ಸ್ವರ ಇಲ್ಲ, ಎಲ್ಲರದೂ ಒಂದೇ ಧಾಟಿ. ಕೀಬೋರ್ಡಿನ ಮುಂದೆ ಕೂತವನಿಗೆ ಹಿಂದಿನ ಬೆಂಚು ಕಾಣುವುದಿಲ್ಲ, ಕೇಳಿಸುತ್ತದೆ. ಅಲ್ಲಿಂದ ಪ್ರಾಯದವರ ಸ್ವರ ಬರುವುದು ನನಗೆ ಈಗ ಕೇಳಿಸುತ್ತದೆ.

ಮಗನಿಗೆ ಈಗ 15. ಸ್ವರ ಇಳಿದು ನೆಲೆ ನಿಂತಿದೆ. ನನಗಿಂತ ಕೆಳಗೆ ಹೋಗುತ್ತಾನೆ. ಈ ಜನವರಿಯಿಂದ ಬಾಸ್‌ನವರ ಸಾಲಿನಲ್ಲಿ ನಿಲ್ಲುತ್ತಾನೆ. ಜರ್ಮನ್ ಧಾಟಿಗಳು ಮತ್ತೆ ಮನೆಗೆ ಬಂದಿವೆ. ಆದರೂ ಪ್ರಾರ್ಥನೆಯ ಮೊದಲ ಹಾಡು ಆ 14ರಲ್ಲಿ ಒಂದಾಗಿರಬೇಕು ಅಂತ ಅವನೇ ಹೇಳುತ್ತಾನೆ. ಈಗ ಅವನು ಹಾಡುವುದು ನನ್ನ ಆಕ್ಟೇವಿನಲ್ಲಿ. ಮೇಲೆ ಅಮ್ಮ ಒಬ್ಬರೇ ಇದ್ದರು. ಅದನ್ನು ನೋಡಿ ಮಗಳು ಜಾಗ ಬದಲಿಸಿ ಅಜ್ಜಿಯ ಪಕ್ಕ ಕೂತಿದ್ದಾಳೆ. ಅವಳಿಗೆ ಆ ಶ್ರುತಿ ತೀರಾ ತಗ್ಗು, ಕೆಳಗಿನ ಸ್ವರಗಳು ಕೇಳುವುದೇ ಇಲ್ಲ. ಆದರೂ ಅಲ್ಲೇ ಕೂರುತ್ತಾಳೆ.

ಹೋದ ವಾರ ಹಾಡು ಶುರು ಮಾಡುವ ಮುಂಚೆ ಅಮ್ಮ ನನ್ನ ಕೈ ಹಿಡಿದು ನಿಲ್ಲಿಸಿದರು. "ಇನ್ನೊಂದು ಸ್ವಲ್ಪ ಕೆಳಗೆ ಹಿಡಿಯಲಿಕ್ಕೆ ಆಗ್ತದಾ ಮಗಾ?" ಅಂತ ಕೇಳಿದರು. ಈ ಸಲ ಅವರೇ ಬಾಯಿಬಿಟ್ಟು ಕೇಳಿದರು. ಎರಡನೇ ಫ್ರೆಟ್‌ನಿಂದ ಕೇಪೋ ತೆಗೆದು ಪಕ್ಕಕ್ಕಿಟ್ಟೆ. ಬರಿಯ ತಂತಿಯಲ್ಲಿ ಜಿ ಹಿಡಿದೆ. ಅಮ್ಮ ಒಮ್ಮೆ ಗಂಟಲು ಸರಿಮಾಡಿಕೊಂಡು, ಮೊದಲ ಸ್ವರ ಮೆಲ್ಲಗೆ ಹಿಡಿದು ನೋಡಿ, ತಲೆ ಆಡಿಸಿದರು. ಶುರು ಮಾಡಿದೆವು.